ಕಪಾಟಿನ ಕೀಲಿಕೈ ಮಕ್ಕಳಿಗೆ ಕೊಡಿ

ಶಾಲಾ ಗ್ರಂಥಾಲಯವನ್ನು ಪುಟ್ಟ ಮಕ್ಕಳಿಗೆ ಪರಿಚಯಿಸುವುದೆಂದರೆ ಏನು? ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ಶಾಲೆಗಳಲ್ಲಿ ನಾವು ಕಂಡಿರುವ ಪರಿಚಯ ಹೀಗಿರುತ್ತದೆ. ಬಾಗಿಲಿಗೆ ರಿಬ್ಬನ್ ಕಟ್ಟುತ್ತಾರೆ. ಅತಿಥಿಗಳಿಗೆ ಶಾಲು, ಹಾರ, ಪುಸ್ತಕದ ಮಹಿಮೆ ಕುರಿತು ಎರಡು ಗಂಟೆಯ ಭಾಷಣ. ಮಕ್ಕಳು ಬಿಸಿಲಲ್ಲಿ ಸಾಲಾಗಿ ಕುಳಿತು ಹೇಳಿದಾಗಲೆಲ್ಲ ಚಪ್ಪಾಳೆ ತಟ್ಟುತ್ತಾರೆ. ಕೊನೆಗೆ ಗಾಜಿನ ಕಪಾಟನ್ನು ದೂರದಿಂದ ತೋರಿಸಿ ನಿಯಮ ಓದಲಾಗುತ್ತದೆ: ಗದ್ದಲ ಮಾಡಬಾರದು, ಹಾಳೆ ಮಡಚಬಾರದು, ಕೇಳದೆ ಮುಟ್ಟಬಾರದು. ಫೋಟೊ ಆಗುತ್ತದೆ, ಕೀಲಿ ಬೀಳುತ್ತದೆ. ಅಂದು ಮಕ್ಕಳಿಗೆ ಪರಿಚಯವಾಗುವುದು ಪುಸ್ತಕವಲ್ಲ, ಆ ಕೀಲಿ.

ಕೆಲವು ತಿಂಗಳ ಹಿಂದೆ ಇಂಥದೊಂದು ಸಮಾರಂಭಕ್ಕೆ ನಮ್ಮನ್ನೂ ಕರೆದಿದ್ದರು. ಭಾಷಣ ಮುಗಿಸಿ ಇಳಿದಾಗ ಮೂರನೇ ಇಯತ್ತೆಯ ಹುಡುಗಿಯೊಬ್ಬಳು ಕಪಾಟಿನ ಹತ್ತಿರ ಬಂದು, "ಸರ, ಮುಟ್ಟಲೇನ್ರಿ?" ಎಂದು ಕೇಳಿದಳು. ನಾವು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಉತ್ತರ ಬಂತು: "ಕೈ ಹೊಲಸವ ನಿನ್ನವು, ಹಿಂದ ಸರಿ." ಹೆಗಲ ಮೇಲೆ ಶಾಲು ಹೊದ್ದಿದ್ದ ನಾವು ಸುಮ್ಮನಿದ್ದೆವು. ಆ ಮೌನಕ್ಕೆ ನಮಗೆ ಈಗಲೂ ನಾಚಿಕೆಯಿದೆ.

ನಾಚಿಕೆಗೆ ಇನ್ನೊಂದು ಕಾರಣವೂ ಉಂಟು. ಮೊದಲು ಉರ್ದು, ಆಮೇಲೆ ಕನ್ನಡ ಶಾಲೆಯಲ್ಲಿ ಕಲಿತವರು ನಾವು. ಎರಡೂ ಕಡೆ ಕಪಾಟಿತ್ತು, ಎರಡೂ ಕಡೆ ಕೀಲಿಕೈ ದೊಡ್ಡ ಗುರುಗಳ ಕಿಸೆಯಲ್ಲಿತ್ತು. ನಾವು ಮೊದಲ ಸಲ 'ಚಂದಮಾಮ' ಮುಟ್ಟಿದ್ದು ಬಜಾರಿನ ರದ್ದಿ ಅಂಗಡಿಯಲ್ಲಿ. ಉರ್ದುವಿನ 'ನೂರ್' ಸಿಕ್ಕಿದ್ದೂ ಅಲ್ಲಿಯೇ, ಮುಖಪುಟವಿಲ್ಲದೆ. ರದ್ದಿಯವನ ದಯೆಯಿಂದ ನಾವು ಕಥೆಗಾರರಾದೆವು. ನಮ್ಮ ಜೊತೆ ಕೂತವರಲ್ಲಿ ನಮಗಿಂತ ಚೆನ್ನಾಗಿ ಕಥೆ ಹೇಳುವವರಿದ್ದರು. ಅವರು ಫರಸಿ ಕಲ್ಲಿನ ಖಣಿಗೆ ಹೋದರು. ಒಂದು ಮಗುವಿನ ದಾರಿ ರದ್ದಿ ಅಂಗಡಿಯ ಕೃಪೆಯಿಂದ ನಿರ್ಧಾರವಾಗುವುದಾದರೆ ಶಾಲೆ ಯಾಕೆ ಬೇಕು?

ಈ ನೆಲಕ್ಕೆ ಪುಸ್ತಕ ಹೊಸದಲ್ಲ. ಸೇಡಂ ತಾಲೂಕಿನ ಮಳಖೇಡ ಎಂದರೆ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೇ ಶತಮಾನದ 'ಕವಿರಾಜಮಾರ್ಗ' ಹುಟ್ಟಿದ್ದು ಅಲ್ಲಿ ಆಳಿದ ನೃಪತುಂಗನ ಆಸ್ಥಾನದಲ್ಲಿ. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಚಾಲುಕ್ಯರ ಕಾಲದ ಘಟಿಕಾಸ್ಥಾನವಿತ್ತು. ಅಲ್ಲಿಯ ಕ್ರಿ.ಶ. 1058ರ ಶಾಸನದಲ್ಲಿ ವಿದ್ಯಾರ್ಥಿಗಳು, ಉಪಾಧ್ಯಾಯರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗಳ ಉಲ್ಲೇಖವಿದೆ. ಎಂದರೆ ಆರು ಜನ ಗ್ರಂಥಪಾಲಕರು! ಭಾಷಣಕಾರರು ಇದನ್ನು ಹೇಳಿ ಎದೆ ಉಬ್ಬಿಸುತ್ತಾರೆ. ಆದರೆ ವೇದ, ಶಾಸ್ತ್ರ ಕಲಿಸುತ್ತಿದ್ದ ಆ ಬಾಗಿಲು ಕಲ್ಲು ಒಡೆಯುವವರ, ಚರ್ಮ ಹದ ಮಾಡುವವರ, ನೇಯುವವರ ಮಕ್ಕಳಿಗೆ ತೆರೆದಿರಲಿಲ್ಲ ಎಂಬುದನ್ನು ಹೇಳುವುದಿಲ್ಲ. ಇಂದು ಆ ಮಕ್ಕಳಿಗೆಲ್ಲ ಶಾಲೆಯ ಬಾಗಿಲು ತೆರೆದಿದೆ. ಮುಚ್ಚಿರುವುದು ಕಪಾಟು. ಅಂದು ಆರು ಭಂಡಾರಿಗಳಿದ್ದ ತಾಲೂಕಿನಲ್ಲಿ ಇಂದು ಸರ್ಕಾರಿ ಪ್ರಾಥಮಿಕ ಶಾಲೆಗೆ ಒಬ್ಬ ಗ್ರಂಥಪಾಲಕನ ಹುದ್ದೆಯೂ ಇಲ್ಲ.

ಕಾನೂನು ಇಲ್ಲವೆಂದೇನಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಪ್ರತಿ ಶಾಲೆಯಲ್ಲೂ ಗ್ರಂಥಾಲಯವಿರಬೇಕು, ಅದರಲ್ಲಿ ಪತ್ರಿಕೆಗಳೂ ಕಥೆಪುಸ್ತಕಗಳೂ ಇರಬೇಕು ಎನ್ನುತ್ತದೆ. ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕ ಇರುವುದು ಬಳಕೆಗೆ ಎಂಬುದು. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಅತ್ಯಂತ ಹಿಂದುಳಿದ ತಾಲೂಕುಗಳೆಂದು ನಂಜುಂಡಪ್ಪ ಸಮಿತಿ 2002ರಲ್ಲೇ ಹೇಳಿತು. ಸಂವಿಧಾನಕ್ಕೆ 371(ಜೆ) ಸೇರಿತು, ಹಣ ಬಂತು, ಕೋಣೆಗಳೂ ಎದ್ದವು. ಕೋಣೆಯೊಳಗಿನ ಪುಸ್ತಕ ಮಗುವಿನ ಕೈಗೆ ಹೋಯಿತೇ ಎಂದು ಕೇಳುವವರಿಲ್ಲ.

ಮಾಸ್ತರರನ್ನು ಬೈದು ಕೈತೊಳೆದುಕೊಳ್ಳುವುದು ಸುಲಭ. ಅವರ ಮಾತನ್ನೂ ಕೇಳಬೇಕು. "ಹುಡುಗರು ಹರದ್ರ, ಕಳದ್ರ ನಮ್ಮ ಪಗಾರದಾಗ ಹಿಡೀತಾರ್ರೀ" ಎಂದು ಮಾಸ್ತರರೊಬ್ಬರು ನಮಗೆ ಹೇಳಿದರು. ಕೀಲಿ ಹಾಕಿಸಿರುವುದು ಈ ಭಯ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯದನ್ನು ನೋಡಿ: ವರ್ಷದಲ್ಲಿ ಓದಲು ಕೊಟ್ಟ ಸಾವಿರ ಪುಸ್ತಕಗಳಿಗೆ ಐದು ಕಳೆದರೆ, ಅಪ್ರಾಮಾಣಿಕತೆ, ನಿರ್ಲಕ್ಷ್ಯ ಇಲ್ಲದಿದ್ದಲ್ಲಿ, ಅದನ್ನು ಸಹಜ ನಷ್ಟವೆಂದು ಒಪ್ಪಬಹುದು. ದಿಲ್ಲಿಯ ಕಚೇರಿಗಳಿಗೆ ಸಲ್ಲುವ ಈ ಔದಾರ್ಯ ಚಿಂಚೋಳಿಯ ತಾಂಡಾದ ಶಾಲೆಗೆ ಯಾಕೆ ಸಲ್ಲಬಾರದು? ಎಳೆಯ ಮಕ್ಕಳಾದ್ದರಿಂದ ಐದರ ಬದಲು ಐವತ್ತು ಎನ್ನಿ. ಶಿಕ್ಷಣ ಇಲಾಖೆ ಸ್ಪಷ್ಟ ಆದೇಶ ಹೊರಡಿಸಿ ಪ್ರತಿ ಮುಖ್ಯಗುರುವಿನ ಕೈಗೆ ಕೊಡಲಿ. ಹರಿದ ಪುಸ್ತಕ ಓದಿಸಿಕೊಂಡ ಪುಸ್ತಕ. ಹತ್ತು ವರ್ಷ ಹೊಸದಾಗಿಯೇ ಉಳಿದ ಪುಸ್ತಕದ ಬಗ್ಗೆ ವಿವರಣೆ ಕೇಳಬೇಕು.

ಹಾಗಾದರೆ ಪರಿಚಯ ಹೇಗಿರಬೇಕು? ಮೊದಲನೆಯದಾಗಿ, ಭಾಷಣ ಬೇಡ. ಹತ್ತು ಹನ್ನೆರಡು ಮಕ್ಕಳನ್ನು ಒಂದು ಸಲಕ್ಕೆ ಕರೆಯಿರಿ. ಜಮಖಾನೆ ಹಾಸಿ ಪುಸ್ತಕ ಹರಡಿ, ಬೇಕಾದ್ದನ್ನು ಮುಟ್ಟಲು ಬಿಡಿ. ಕೈ ಹೊಲಸಿದ್ದರೆ ಬಾಗಿಲಲ್ಲಿ ಒಂದು ಬಕೀಟು ನೀರು, ಸಾಬೂನು, ಟಾವೆಲ್ ಇಡಿ. ಚಿತ್ರ ನೋಡಿ ಕಥೆ ಊಹಿಸಲಿ. ಆಮೇಲೆ ಗುರುಗಳು ಒಂದು ಕಥೆಯನ್ನು ಗಟ್ಟಿಯಾಗಿ ಓದಿ, ಅರ್ಧಕ್ಕೆ ನಿಲ್ಲಿಸಲಿ. ಉಳಿದರ್ಧ ಬೇಕಿದ್ದವರು ತಾವೇ ಪುಸ್ತಕ ತೆಗೆದು ನೋಡಲಿ.

ಎರಡನೆಯದು, ಹುಡುಕುವ ಆಟ. "ಇರುವೆ ಇರುವ ಪುಸ್ತಕ ತಾ, ರೈಲು ಇರುವ ಪುಸ್ತಕ ತಾ." ವಾಡಿ ಜಂಕ್ಷನ್ನಿನ ಮಗುವಿಗೆ ರೈಲಿನ ಪುಸ್ತಕ ಹುಡುಕುವುದನ್ನು ಯಾರೂ ಕಲಿಸಬೇಕಿಲ್ಲ. ಕಥೆಗೆ ಕೆಂಪು ಚೀಟಿ, ಪ್ರಾಣಿ-ಗಿಡಗಳಿಗೆ ಹಸಿರು ಚೀಟಿ ಅಂಟಿಸಿದರೆ ಎಳೆಯರಿಗೆ ಅಷ್ಟು ವರ್ಗೀಕರಣ ಸಾಕು. ಗಾಜಿನ ಕಪಾಟು ಯಾಕೆ? ಶಹಾಬಾದಿನ ಫರಸಿ ಮನೆಮನೆಯಲ್ಲೂ ನೆಲವಾಗಿದೆ, ಅಡಿಗೆ ಕೋಣೆಯ ಮಾಡವಾಗಿದೆ. ಮಗುವಿನ ಎದೆಮಟ್ಟಕ್ಕೆ ಎರಡು ಸಾಲು ಫರಸಿ ಕೂಡಿಸಿದರೆ ಅದಕ್ಕೆ ಬಾಗಿಲೂ ಇಲ್ಲ, ಕೀಲಿಯೂ ಇಲ್ಲ.

ಮೂರನೆಯದು, ಭಾಷೆ. ಈ ಊರುಗಳಲ್ಲಿ ಮಗು ಮನೆಯಲ್ಲಿ ದಖನಿ, ಲಂಬಾಣಿ, ತೆಲುಗು ಮಾತಾಡಿ ಶಾಲೆಯಲ್ಲಿ ಕನ್ನಡವನ್ನೋ ಉರ್ದುವನ್ನೋ ಓದುತ್ತದೆ. ಎರಡೂ ಲಿಪಿಯ ಪುಸ್ತಕಗಳನ್ನು ಒಟ್ಟಿಗೆ ಇಟ್ಟು, ಯಾವುದು ಎಡಕ್ಕೆ ತೆರೆಯುತ್ತದೆ, ಯಾವುದು ಬಲಕ್ಕೆ ಎಂಬ ಆಟ ಆಡಿಸಿ. ಆರು ವರ್ಷದ ಮಗು ಇದನ್ನು ನಗುತ್ತಾ ಕಲಿಯುತ್ತದೆ. ಉರ್ದು ಎಂದರೆ ಪರದೇಶದ್ದು ಎನ್ನುವ ಕನ್ನಡದ ದೊಡ್ಡವರಿಗೂ, ಕನ್ನಡದ ಕಥೆ ನಮ್ಮ ಮಕ್ಕಳಿಗೆ ಯಾಕೆ ಎನ್ನುವ ನಮ್ಮವರೇ ಆದ ದೊಡ್ಡವರಿಗೂ ಈ ಆಟವನ್ನು ಆಡಿಸಬೇಕಾಗಿದೆ. ಶಾದಿಮಹಲಿಗೆ ಲಕ್ಷಗಟ್ಟಲೆ ಚಂದಾ ಎತ್ತುವ ನಮ್ಮ ಕಮಿಟಿಗಳು ಮೊಹಲ್ಲಾದ ಉರ್ದು ಶಾಲೆಗೆ ವರ್ಷಕ್ಕೆ ಹತ್ತು ಕಥೆಪುಸ್ತಕ ಕೊಡಿಸಲು ಯಾಕೆ ಹಿಂಜರಿಯುತ್ತವೆ? ಅಜ್ಜಿ ಲಂಬಾಣಿಯಲ್ಲೋ ದಖನಿಯಲ್ಲೋ ಹೇಳಿದ ಕಥೆಯನ್ನು ದೊಡ್ಡ ತರಗತಿಯವರು ಬರೆದುಕೊಂಡು, ಹೊಲಿದು, ನಂಬರು ಹಾಕಿ ಅದೇ ಮಾಡದಲ್ಲಿಡಲಿ. ಆ ಪುಸ್ತಕಕ್ಕೆ ಯಾವ ಟೆಂಡರೂ ಬೇಡ.

ನಾಲ್ಕನೆಯದು, ಅಂದೇ ಪ್ರತಿ ಮಗು ಒಂದು ಪುಸ್ತಕ ಮನೆಗೆ ಒಯ್ಯಲಿ. ರಿಜಿಸ್ಟರಿನಲ್ಲಿ ತನ್ನ ಹೆಸರು ತಾನೇ ಬರೆಯಲಿ. ಗುಳೆ ಹೋಗುವ ಮನೆಯ ಮಗುವಿಗೂ ಕೊಡಿ. ಅಪ್ಪ ಅವ್ವನ ಜೊತೆ ಪುಣೆಗೋ ಮುಂಬಯಿಗೋ ಹೋಗುವ ಅದರ ಗಂಟಿನಲ್ಲಿ ಒಂದು ಕಥೆಪುಸ್ತಕ ಇದ್ದರೆ, ಮರಳಿ ಶಾಲೆಗೆ ಬರಲು ಅದೊಂದು ನೆಪವಾದೀತು. ಬಾರದಿದ್ದರೆ ಆ ಪುಸ್ತಕವನ್ನು ಸಹಜ ನಷ್ಟದಲ್ಲಿ ಬರೆಯಿರಿ. ಮಗುವೇ ಬಾರದಿರುವ ನಷ್ಟವನ್ನು ನಾವು ಯಾವ ರಿಜಿಸ್ಟರಿನಲ್ಲಿ ಬರೆಯುತ್ತಿದ್ದೇವೆ?

ಕೊನೆಯದು, ನಾಗಾವಿಯ ಲೆಕ್ಕ. ಪ್ರತಿ ಶಾಲೆಯಲ್ಲಿ ಆರು ಮಕ್ಕಳು ಭಂಡಾರಿಗಳಾಗಲಿ. ಮೂವರು ಹುಡುಗಿಯರು, ಮೂವರು ಹುಡುಗರು, ಎಲ್ಲ ಓಣಿಗಳಿಂದ, ತಾಂಡಾದಿಂದಲೂ, ತಿಂಗಳಿಗೊಮ್ಮೆ ಬದಲಾಗುತ್ತ. ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು, ಹರಿದ ಹಾಳೆಗೆ ಅಂಟು ಹಚ್ಚುವುದು ಅವರ ಕೆಲಸ. ಇದು ಕೂಲಿಯಿಲ್ಲದ ದುಡಿಮೆಯಾಗದಂತೆ ನೋಡಿಕೊಳ್ಳುವುದು ಗುರುಗಳ ಜವಾಬ್ದಾರಿ. ಹುದ್ದೆ ಕೇಳುವುದನ್ನು ನಾವು ದೊಡ್ಡವರು ಬಿಡಬಾರದು. ಶಾಲೆಯಲ್ಲಿ ಪುಸ್ತಕ ಸಾಲದಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಿದೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮ ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿದೆ. ಮಕ್ಕಳನ್ನು ಸಾಲಾಗಿ ಅಲ್ಲಿಗೆ ಕರೆದೊಯ್ದು ಹೆಸರು ಬರೆಸುವುದೂ ಪರಿಚಯದ ಭಾಗವಾಗಲಿ.

ಇನ್ನು ಮುಂದೆ ರಿಬ್ಬನ್ ಕತ್ತರಿಸಲು ನಮ್ಮನ್ನು ಕರೆಯುವವರಲ್ಲಿ ನಮ್ಮದೊಂದು ಶರತ್ತು. ಶಾಲು ಬೇಡ, ಹಾರ ಬೇಡ. ನಾವು ಬರುವ ಮೊದಲೇ ಮಕ್ಕಳು ಪುಸ್ತಕ ಮುಟ್ಟಿರಬೇಕು. ಆ ಹುಡುಗಿಯನ್ನು ಮತ್ತೆ ಕಂಡರೆ ಅಂದು ಹೇಳಬೇಕಿದ್ದ ಮಾತನ್ನು ಹೇಳುತ್ತೇವೆ: ಮುಟ್ಟವ್ವ, ಅವು ನಿನ್ನವೇ.