ಆಕಾಶದ ಎಡ ಮೂಲೆಯ ಕಪ್ಪು ಚುಕ್ಕೆಗಳು

ಮಕ್ಕಳೇ, ಹೊಸ ಅಂಗಿಯ ಗುಂಡಿ ಸಡಿಲವಿದ್ದರೆ ಅಜ್ಜಿ ಸೂಜಿ ದಾರ ಹಿಡಿದು ಎರಡು ನಿಮಿಷದಲ್ಲಿ ಸರಿಮಾಡಿಬಿಡುತ್ತಾರೆ. ಅಂಗಡಿಗೆ ಯಾರೂ ಓಡುವುದಿಲ್ಲ. ಆದರೆ ಲಕ್ಷ ರೂಪಾಯಿಗೂ ಹೆಚ್ಚು ಕೊಟ್ಟು ತಂದ ಹೊಸ ಕ್ಯಾಮೆರಾದಲ್ಲೇ ಐಬು ಇದ್ದರೆ? ಅದೂ ಒಂದೆರಡರಲ್ಲಿ ಅಲ್ಲ, ಬಹಳಷ್ಟು ಕ್ಯಾಮೆರಾಗಳಲ್ಲಿ?

2012ರ ಸೆಪ್ಟೆಂಬರ್‌ನಲ್ಲಿ ಜಪಾನಿನ ನಿಕಾನ್ ಕಂಪನಿ ‘ಡಿ600’ ಎಂಬ ಕ್ಯಾಮೆರಾ ಬಿಡುಗಡೆ ಮಾಡಿತು. ಅಮೆರಿಕದಲ್ಲಿ ಅದರ ಬೆಲೆ ಸುಮಾರು 2,100 ಡಾಲರ್. ಚಿತ್ರಗಳೇನೋ ಬಲು ಸೊಗಸು. ಆದರೆ ಕೆಲವೇ ವಾರಗಳಲ್ಲಿ ಕೊಂಡವರು ಗೊಣಗತೊಡಗಿದರು. ನೀಲಿ ಆಕಾಶದ ಚಿತ್ರ ತೆಗೆದರೆ ಅದರಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕೆ!

ಇದು ಯಾಕೆ ದೊಡ್ಡ ತಲೆನೋವು ಎಂಬುದು ನಿಮಗಿಂತ ತಾತನಿಗೆ ಬೇಗ ಅರ್ಥವಾಗುತ್ತದೆ. ಅವರ ಕಾಲದಲ್ಲಿ ಕ್ಯಾಮೆರಾಕ್ಕೆ ರೀಲು ಹಾಕುತ್ತಿದ್ದರು. ಪ್ರತಿ ಚಿತ್ರಕ್ಕೂ ರೀಲಿನ ಹೊಸ ತುಂಡು ಮುಂದೆ ಬರುತ್ತಿತ್ತು. ಧೂಳು ಕೂತರೆ ಒಂದು ಚಿತ್ರ ಕೆಟ್ಟೀತು, ಮುಂದಿನದು ಚೆನ್ನಾಗಿರುತ್ತಿತ್ತು. ಡಿಜಿಟಲ್ ಕ್ಯಾಮೆರಾದಲ್ಲಿ ರೀಲಿನ ಜಾಗದಲ್ಲಿ ಸೆನ್ಸರ್ ಇದೆ, ಬೆಳಕನ್ನು ಗ್ರಹಿಸುವ ಚಿಪ್. ಅದು ಬದಲಾಗುವುದೇ ಇಲ್ಲ. ಅದರ ಮೇಲೆ ಒಂದು ಕಣ ಕೂತಿತೋ, ಒರೆಸುವವರೆಗೂ ಎಲ್ಲ ಚಿತ್ರದಲ್ಲೂ ಅದೇ ಜಾಗದಲ್ಲಿ ಅದೇ ಚುಕ್ಕೆ.

ಲೆನ್ಸ್ ಬಿಚ್ಚಿ ಬದಲಿಸುವ ಕ್ಯಾಮೆರಾಗಳಲ್ಲಿ ಧೂಳು ಒಳಗೆ ಹೋಗುವುದು ಮಾಮೂಲು. ಹಾಗಾಗಿ ಯಾರಾದರೂ ದೂರು ಕೊಟ್ಟರೆ ‘ನೀವೇ ಲೆನ್ಸ್ ಬದಲಿಸುವಾಗ ಧೂಳು ಬಿಟ್ಟಿರುತ್ತೀರಿ’ ಎನ್ನುವುದು ಸುಲಭ. ತಪ್ಪು ನಮ್ಮದೇ ಇರಬಹುದು ಎಂದು ಎಷ್ಟು ಜನ ಸುಮ್ಮನಾಗಿರಬೇಡ!

ಎಲ್ಲರೂ ಸುಮ್ಮನಾಗಲಿಲ್ಲ. ಕ್ಯಾಮೆರಾ ಬಾಡಿಗೆಗೆ ಕೊಡುವ ಅಮೆರಿಕದ ಒಂದು ಸಂಸ್ಥೆಯವರು ತಮ್ಮಲ್ಲಿದ್ದ ಡಿ600ಗಳನ್ನು ನೋಡಿದರು. ಚುಕ್ಕೆಗಳು ಚಿತ್ರದ ಮೇಲಿನ ಎಡ ಭಾಗದಲ್ಲೇ ಗುಂಪಾಗಿದ್ದವು. ಯೋಚಿಸಿ, ಹೊರಗಿನಿಂದ ಹಾರಿ ಬರುವ ಧೂಳಿಗೆ ಎಡ ಯಾವುದು ಬಲ ಯಾವುದು ಗೊತ್ತೇ? ಅದು ಎಲ್ಲೆಂದರಲ್ಲಿ ಕೂರಬೇಕು. ಇನ್ನೊಬ್ಬ ಛಾಯಾಗ್ರಾಹಕರು ಲೆನ್ಸನ್ನು ಬಿಚ್ಚದೆಯೇ ಸುಮಾರು 1,000 ಚಿತ್ರ ತೆಗೆದು, ಅವುಗಳನ್ನು ಜೋಡಿಸಿ ಸಿನಿಮಾದಂತೆ ಓಡಿಸಿ ತೋರಿಸಿದರು. ಕ್ಲಿಕ್ಕುಗಳು ಹೆಚ್ಚಿದಂತೆ ಚುಕ್ಕೆಗಳೂ ಹೆಚ್ಚುತ್ತಿದ್ದವು! ಬಾಗಿಲು ಮುಚ್ಚಿದ ಮನೆಯಲ್ಲಿ ಕಸ ಬೀಳುತ್ತಿದೆ ಎಂದರೆ ಕಸ ಹಾಕುವವರು ಒಳಗೇ ಇರಬೇಕಲ್ಲವೇ? ಸೆನ್ಸರಿನ ಮುಂದೆ ಷಟರ್ ಎಂಬ ಪರದೆ ಇರುತ್ತದೆ. ಕ್ಲಿಕ್ ಎಂದಾಗ ಸರ್ರನೆ ತೆರೆದು ಮುಚ್ಚುವುದು ಅದೇ. ಎಲ್ಲರ ಅನುಮಾನ ಅದರ ಮೇಲೆ ಹೋಯಿತು.

2013ರ ಫೆಬ್ರವರಿಯಲ್ಲಿ ಕಂಪನಿ ಒಂದು ಪ್ರಕಟಣೆ ಹೊರಡಿಸಿತು. ಧೂಳು ಒಳಗೇ ಹುಟ್ಟಿರಬಹುದು, ಹೊರಗಿನಿಂದಲೂ ಬಂದಿರಬಹುದು ಎಂಬ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಸ್ವಚ್ಛ ಮಾಡಿಕೊಳ್ಳಿ, ಆಗದಿದ್ದರೆ ಸರ್ವೀಸ್ ಕೇಂದ್ರಕ್ಕೆ ತನ್ನಿ ಎಂದಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ‘ಡಿ610’ ಬಂತು. ನೋಡಲು ಅವಳಿ ತಮ್ಮನ ಹಾಗೆ, ಒಳಗೆ ಮಾತ್ರ ಹೊಸ ಷಟರ್! ಹಳೆಯದನ್ನು ಕೊಂಡವರಿಗೆ ಎಷ್ಟು ಉರಿದಿರಬೇಕು. ನನಗಂತೂ ಚುಕ್ಕೆಗಿಂತ ಈ ಮೌನವೇ ದೊಡ್ಡ ಐಬು ಅನ್ನಿಸುತ್ತದೆ.

ಕೊನೆಗೆ 2014ರ ಫೆಬ್ರವರಿಯಲ್ಲಿ, ವಾರಂಟಿ ಮುಗಿದಿದ್ದರೂ ಸರಿ, ಷಟರನ್ನು ಉಚಿತವಾಗಿ ಬದಲಿಸಿಕೊಡುತ್ತೇವೆ ಎಂದು ನಿಕಾನ್ ಹೇಳಿತು. ಮರು ತಿಂಗಳು ಚೀನಾದ ಸರ್ಕಾರಿ ಟಿವಿ ಈ ವಿಷಯ ಎತ್ತಿತು. ಶಾಂಘೈ ಅಧಿಕಾರಿಗಳು ಡಿ600 ಮಾರಾಟ ನಿಲ್ಲಿಸಲು ಆದೇಶಿಸಿದರು. ಆಮೇಲೆ, ದುರಸ್ತಿ ಮಾಡಿದರೂ ಚುಕ್ಕೆ ಹೋಗದಿದ್ದರೆ ಕ್ಯಾಮೆರಾವನ್ನೇ ಬದಲಿಸಿಕೊಡುವ ಮಾತೂ ಬಂತು. ಬಿಡುಗಡೆಯಾಗಿ ಅಷ್ಟರಲ್ಲಿ ಒಂದೂವರೆ ವರ್ಷ ಆಗಿತ್ತು.

ಎಲ್ಲ ಐಬೂ ಧೂಳಿನದಲ್ಲ. 2006ರಲ್ಲಿ ಜರ್ಮನಿಯ ಲೈಕಾ ಕಂಪನಿಯ ‘ಎಂ8’ ಬಂದಾಗ ಕಪ್ಪು ಕೋಟುಗಳು ನೇರಳೆಯಾಗಿ ಕಂಡವು. ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕು ಸೆನ್ಸರಿಗೆ ಕಾಣುತ್ತದೆ. ಕೃತಕ ನೂಲಿನ ಕಪ್ಪು ಬಟ್ಟೆಗಳು ಅದನ್ನು ಚೆನ್ನಾಗಿ ಹಿಂದಕ್ಕೆ ಎಸೆಯುತ್ತವೆ. ಅದನ್ನು ತಡೆಯುವ ಗಾಜನ್ನು ಲೈಕಾ ತೀರಾ ತೆಳ್ಳಗೆ ಇಟ್ಟಿತ್ತು. ದಪ್ಪ ಮಾಡಿದರೆ ಚಿತ್ರದ ಅಂಚು ಮಸುಕಾಗುತ್ತದೆ ಎಂಬ ಭಯ. ಕಂಪನಿ ಕೊಂಡವರಿಗೆಲ್ಲ ಲೆನ್ಸಿನ ಮುಂದೆ ಹಾಕಿಕೊಳ್ಳುವ ಎರಡೆರಡು ಫಿಲ್ಟರ್ ಉಚಿತವಾಗಿ ಕೊಟ್ಟಿತು. ಆ ಕಾಣದ ಬೆಳಕನ್ನು ನೀವೂ ನೋಡಬಹುದು. ಟಿವಿ ರಿಮೋಟಿನ ಮೂತಿಯನ್ನು ಫೋನಿನ ಕ್ಯಾಮೆರಾ ಎದುರು ಹಿಡಿದು ಗುಂಡಿ ಒತ್ತಿ, ಪರದೆಯಲ್ಲಿ ಮಿಣುಕು ಬೆಳಕು ಕಾಣುತ್ತದೆ. ಕಾಣದಿದ್ದರೆ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ.

ಇನ್ನು ಮನೆಯ ಕ್ಯಾಮೆರಾ ಪರೀಕ್ಷೆ. ಬಿಳಿ ಗೋಡೆ ಅಥವಾ ಮೋಡವಿಲ್ಲದ ಆಕಾಶದ ಚಿತ್ರ ತೆಗೆಯಿರಿ (ಸೂರ್ಯನ ಕಡೆ ಬೇಡ). ಲೆನ್ಸಿನ ಕಿಂಡಿಯನ್ನು ಹಿರಿದು ಕಿರಿದು ಮಾಡುವ ಕ್ಯಾಮೆರಾ ಆದರೆ ಎಫ್ 16 ಅಥವಾ ಎಫ್ 22ಕ್ಕೆ ಇಡಿ. ಕಿಂಡಿ ಚಿಕ್ಕದಾದಷ್ಟೂ ಕಣದ ನೆರಳು ಸ್ಪಷ್ಟ. ಉದ್ದನೆಯ ಟ್ಯೂಬ್‌ಲೈಟಿನಲ್ಲಿ ಕೈಯ ನೆರಳು ಮಸುಕು, ಸಣ್ಣ ಟಾರ್ಚಿನಲ್ಲಿ ಕಡ್ಡಿ ಮುರಿದ ಹಾಗೆ ಇರುತ್ತದಲ್ಲ, ಹಾಗೆ. ಫೋನಿನಲ್ಲಿ ಈ ಸೌಕರ್ಯ ಸಾಮಾನ್ಯವಾಗಿ ಇರುವುದಿಲ್ಲ. ಮೊದಲು ಅದರ ಲೆನ್ಸನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಐದು ಚಿತ್ರ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಚುಕ್ಕೆ ಐದರಲ್ಲೂ ಒಂದೇ ಕಡೆ ಇದ್ದರೆ ಅದು ಗೋಡೆಯ ಕಲೆಯೋ ಎಂದು ತಿಳಿಯಲು ಜಾಗ ಬದಲಿಸಿ ಇನ್ನೊಂದು ತೆಗೆಯಿರಿ. ಒಳಗೆ ಬೆರಳು, ಕಡ್ಡಿ ಏನನ್ನೂ ಹಾಕಬೇಡಿ. ಚಿತ್ರಗಳನ್ನು ತಾರೀಖಿನ ಸಮೇತ ಉಳಿಸಿಕೊಳ್ಳಿ, ಆಮೇಲೆ ಅಜ್ಜಿಯ ಹತ್ತಿರ ಹೋಗಿ ಕ್ಯಾಮೆರಾದ ಬಿಲ್ಲು ಎಲ್ಲಿದೆ ಎಂದು ಕೇಳಿ. ಬೀರುವಿನಲ್ಲಿ ಮದುವೆ ಪತ್ರಿಕೆಗಳ ಕೆಳಗೆ ಇರುತ್ತದೆ.