ಕೇಳಿದರ ಕೊಡೂ ಲೆಕ್ಕ

ನಮ್ಮ ವಾಚನಾಲಯಕ್ಕೆ ಬರುವ ಪೇಪರನ್ನು ದಿನಾ ಮುಂಜಾನೆ ಹತ್ತು ಹನ್ನೆರಡು ಮಂದಿ ಓದುತ್ತಾರೆ. ಮೊದಲ ಪುಟ ಓದುತ್ತಾರೆ, ಕ್ರಿಕೆಟ್ ಓದುತ್ತಾರೆ, ಯಾರು ತೀರಿಕೊಂಡರು ಅಂತ ನೋಡುತ್ತಾರೆ. ಒಳಗಿನ ಪುಟದ ಒಂದು ಮೂಲ್ಯಾಗ ಇರುವೆ ಸಾಲಿನಂಥ ಅಕ್ಷರದಾಗ 'ಜಾಹೀರ್ ಸೂಚನಾ' ಇರ್ತದ. ನಗರ ಪರಿಷದಿನ ಟೆಂಡರ್ ನೋಟೀಸು. ಅದನ್ನು ಯಾರೂ ಓದುವುದಿಲ್ಲ. ಸುಳ್ಳು ಯಾಕ ಹೇಳಲಿ, ಮೂವತ್ತು ವರ್ಷ ಮಾಸ್ತರಿಕೆ ಮಾಡಿದ ನಾನೂ ಓದುತ್ತಿರಲಿಲ್ಲ. ನಮ್ಮ ರೊಕ್ಕ ಎಲ್ಲಿಗೆ ಹೊಂಟದ ಅನ್ನುವ ಸುದ್ದಿ ಇರೋದು ಮಾತ್ರ ಆ ಮೂಲ್ಯಾಗೇ.

'ನಾವು ನೋಟೀಸು ಕೊಟ್ಟೀವಿ' ಅಂತ ಕಚೇರಿಯವರು ಹೇಳುತ್ತಾರೆ. 'ನಮಗ ಗೊತ್ತೇ ಆಗಿಲ್ಲ' ಅಂತ ಮಂದಿ ಹೇಳುತ್ತಾರೆ. ಎರಡೂ ಖರೆ. ನನ್ನ ಜಗಳ ಇರೋದು ಈ ಎರಡು ಖರೆಗಳ ನಡುವಿನ ಸಂದಿಯ ಮ್ಯಾಲ.

ಹಳ್ಳಿ ಮಂದಿಗೆ ನಿಲಂಗಾ, ಉಮರ್ಗಾ, ಉದಗೀರದ ನಗರ ಪರಿಷದಿನ ಉಸಾಬರಿ ಯಾಕ ಅಂತ ಕೆಲವರು ಕೇಳಬಹುದು. ಸಂತ್ಯಾಗ ಕಾಯಿಪಲ್ಲೆ ಹಚ್ಚಿ ಕುಂತವರು ಜಾಗದ ಪಾವತಿ ಹರಿಸುತ್ತೀರಿ. ಮಕ್ಕಳು ಕಾಲೇಜಿಗಂತ ಅಲ್ಲಿ ಖೋಲಿ ಹಿಡಿದಾರ, ಮಾಲಕ ಘರಪಟ್ಟಿ ನಳಪಟ್ಟಿ ಎಲ್ಲ ಸೇರಿಸಿಯೇ ಬಾಡಿಗೆ ಹೇಳುತ್ತಾನೆ. ಅಲ್ಲಿನ ಗಟಾರ ತುಂಬಿದರೆ ಡೆಂಗಿ ಹಿಡಿಸಿಕೊಂಡು ಬರೋದು ನಮ್ಮ ಹುಡುಗರೇ. ಅದಕ್ಕ ಉಸಾಬರಿ.

ಈಗ ನಡೆದದ್ದು ನೋಡ್ರಿ. ಈ ಮೂರೂ ಊರಿಗೆ 2016ರ ನವೆಂಬರ್-ಡಿಸೆಂಬರಿನಲ್ಲಿ ಚುನಾವಣೆ ಆಗಿತ್ತು. ಸಂವಿಧಾನದ 243-ಯು ಕಲಮು ಸಾಫ್ ಹೇಳುತ್ತದೆ: ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ, ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಆಗಬೇಕು. ಐದು ವರ್ಷ ಮುಗೀತು, ಚುನಾವಣೆ ಬರಲಿಲ್ಲ. ಒಬಿಸಿ ಮೀಸಲಾತಿಯ ಖಟ್ಲೆ, ವಾರ್ಡಿನ ಗಡಿಯ ತಕರಾರು, ತಾರೀಖಿನ ಮ್ಯಾಲ ತಾರೀಖು. ಕಡೆಗೆ 2025ರ ಮೇ 6ರಂದು ಸುಪ್ರೀಂ ಕೋರ್ಟ್ ನಾಲ್ಕು ತಿಂಗಳಾಗ ಚುನಾವಣೆ ಮುಗಿಸ್ರಿ ಅಂತ ಹೇಳಬೇಕಾಯಿತು. ಆ ನಾಲ್ಕು ತಿಂಗಳೂ ಹಿಗ್ಗಿ, ಮತ ಬಿದ್ದದ್ದು ಡಿಸೆಂಬರಿನಲ್ಲಿ. ನಡುವಿನ ಹತ್ತತ್ತಿರ ನಾಲ್ಕು ವರ್ಷ ಪ್ರಶಾಸಕರ ರಾಜ್ಯ. ಠರಾವು ಮಾಡುವವರೂ ಅವರೇ, ಮಂಜೂರು ಮಾಡುವವರೂ ಅವರೇ. ಪ್ರಶಾಸಕರು ಕೆಟ್ಟವರಂತ ನಾನು ಹೇಳುತ್ತಿಲ್ಲ. ಕೆಲವರು ನಗರಸೇವಕರಿಗಿಂತ ಚಲೋ ಕೆಲಸ ಮಾಡಿದ್ದಾರೆ ಅಂತ ಮಂದಿಯೇ ಅಂತಾರ. ಆದರೆ ಚಲೋ ಮಾಡಿದ್ದು ಯಾವುದು, ಕೆಟ್ಟದ್ದು ಯಾವುದು ಅಂತ ಕೇಳಲಿಕ್ಕೆ ಆ ನಾಲ್ಕು ವರ್ಷ ಒಂದು ಸಭಾ ಇರಲಿಲ್ಲ. ಮಂದಿ ಬೊಬ್ಬೆ ಹೊಡೀಲಿಲ್ಲ. ನನಗ ಹೆದರಿಕೆ ಆಗಿದ್ದು ಅದಕ್ಕೇ. ಇದ್ದಾಗಲೂ ನಗರಸೇವಕರು ಲೆಕ್ಕ ಹೇಳುತ್ತಿರಲಿಲ್ಲ, ಹಂಗಾಗಿ ಇಲ್ಲದಾಗ ಕೊರತೆ ಅನಿಸಲಿಲ್ಲ!

ಲೆಕ್ಕ ಬೇಕಾದರೆ ಮಾಹಿತಿ ಹಕ್ಕಿನ ಕಾಯ್ದೆ ಇದೆಯಲ್ಲ ಅನ್ನುತ್ತಾರೆ. ಇದೆ. ನನ್ನ ಅನುಭವ ಹೇಳುತ್ತೇನೆ, ಊರಿನ ಹೆಸರು ಬೇಡ. ನಮ್ಮ ಕಡೆಯ ಒಂದು ಪಟ್ಟಣದಾಗ ನನ್ನ ತಂಗಿಯ ಮನಿ ಮುಂದ ಗಟಾರ ಕಟ್ಟಿದರು. ಮುಂದಿನ ಮಳೆಗಾಲಕ್ಕೆ ಅದು ಬಾಯಿ ಬಿಟ್ಟಿತು. ಕಚೇರಿಗೆ ಹೋಗಿ, ಇದಕ್ಕ ಎಷ್ಟು ಖರ್ಚು ಬಿದ್ದದ ಅಂತ ಕೇಳಿದೆ. ಕಾರಕೂನ ಮರ್ಯಾದೆಯಿಂದಲೇ, 'ಗುರುಜಿ, ಅರ್ಜಿ ಕೊಡ್ರಿ' ಅಂದ. ಹತ್ತು ರೂಪಾಯಿ ಹಚ್ಚಿ ಕೊಟ್ಟೆ. ಮೂವತ್ತು ದಿನ ದಾಟಿತು. ಅಪೀಲು ಹಾಕಿದೆ. ಕಡೆಗೆ ಹದಿನೆಂಟು ಪುಟದ ಝೆರಾಕ್ಸ್ ಬಂತು, ಪುಟಕ್ಕ ಎರಡರಂತೆ ಮೂವತ್ತಾರು ರೂಪಾಯಿ ತೊಗೊಂಡರು. ಅವಧಿ ಮೀರಿದರೆ ಕಾಗದ ಪುಕ್ಕಟೆ ಕೊಡಬೇಕು ಅಂತ ಅದೇ ಕಾಯ್ದ್ಯಾಗ ಇರೋದು ನನಗ ಆಮ್ಯಾಲ ತಿಳೀತು. ಇರಲಿ. ಆ ಹದಿನೆಂಟು ಪುಟದಾಗ ಒಂದು ಸಾಲಿತ್ತು: ಕೆಲಸ ಮುಗಿದ ಮೇಲೆ ಇಷ್ಟು ಕಾಲದೊಳಗೆ ಕೆಟ್ಟರೆ ಗುತ್ತೇದಾರನೇ ತನ್ನ ಖರ್ಚಿನಿಂದ ದುರಸ್ತಿ ಮಾಡಬೇಕು. ಲೆಕ್ಕ ಹಾಕಿ ನೋಡಿದೆ. ನಾನು ಅಪೀಲು ಹಾಕಿ ಕುಂತಾಗಲೇ ಆ ಕಾಲ ಮುಗಿದಿತ್ತು. ಕಾಗದ ತೋರಿಸಿದರೆ ತಂಗಿ, 'ಅಣ್ಣಾ, ಅದೆಲ್ಲ ಇರಲಿ, ಗಟಾರ ಯಾವಾಗ ಮಾಡ್ತಾರಂತ?' ಅಂದಳು.

ಆ ಒಂದು ಸಾಲು ಗಟಾರ ಕಟ್ಟಿದ ದಿನವೇ ಓಣಿಯ ಗೋಡೆಗೆ ಬರೆದಿದ್ದರೆ ಅರ್ಜಿಯೂ ಬೇಕಿರಲಿಲ್ಲ, ಅಪೀಲೂ ಬೇಕಿರಲಿಲ್ಲ. ಓಣಿಯ ಹೆಣ್ಣುಮಕ್ಕಳೇ ಗುತ್ತೇದಾರನನ್ನು ಹಿಡಿದು ನಿಲ್ಲಿಸುತ್ತಿದ್ದರು. ಕೇಳಿದ ಮೇಲೆ ಕೊಡುವ ಲೆಕ್ಕ ಉಪಯೋಗದ ಕಾಲ ಮುಗಿದ ಮೇಲೆಯೇ ಕೈಗೆ ಬರ್ತದ.

ಇದು ನನ್ನ ಸ್ವಂತ ಬಯಕೆ ಅಲ್ಲ. 2005ರ ಕಾಯ್ದೆಯ 4ನೇ ಕಲಮು ಓದ್ರಿ. ಯಾರೂ ಕೇಳದಿದ್ದರೂ ಕಚೇರಿ ತಾನಾಗಿ ಹದಿನೇಳು ಬಗೆಯ ಮಾಹಿತಿ ಹೊರಗೆ ಹಾಕಬೇಕು. ಅದೂ ಹೆಂಗ? ಸ್ಥಳೀಯ ಭಾಷೆ ಯಾವುದು, ಆ ಭಾಗದ ಜನಕ್ಕೆ ಯಾವ ರೀತಿಯಿಂದ ಚೆನ್ನಾಗಿ ಮುಟ್ಟುತ್ತದೆ ಅಂತ ನೋಡಿಕೊಂಡು ಹಾಕಬೇಕು. ನೋಟೀಸ್ ಬೋರ್ಡು, ಪೇಪರು, ಡಂಗುರ ಸಾರುವಂಥ ಸಾರ್ವಜನಿಕ ಘೋಷಣೆ, ಎಲ್ಲವೂ ನಡೆಯುತ್ತದೆ. ಆದರೆ ಈಗ ಎಲ್ಲದಕ್ಕೂ ಒಂದೇ ಉತ್ತರ, 'ಆನ್‌ಲೈನ್ ಹಾಕೀವ್ರಿ.' 15ನೇ ಹಣಕಾಸು ಆಯೋಗ ನಗರ ಸಂಸ್ಥೆಗಳ ಲೆಕ್ಕಪತ್ರ ಆನ್‌ಲೈನ್ ಇದ್ದರೆ ಮಾತ್ರ ಅನುದಾನ ಅಂತ ಷರತ್ತು ಹಾಕಿತು. ಷರತ್ತು ಒಳ್ಳೆಯದೇ. ಆದರೆ ಅದನ್ನು ಪೂರೈಸಿದ್ದು ದಿಲ್ಲಿಯವರಿಗೆ ಕಾಣಲಿ ಅಂತ. ಸಂತ್ಯಾಗ ಕುಂತ ಅಕ್ಕನಿಗೆ ಕಾಣುವುದಿಲ್ಲ.

ಭಾಷೆಯ ಮಾತು ಬಂತು, ಅದನ್ನೂ ಹೇಳಿ ಮುಗಿಸುತ್ತೇನೆ. 1956ರ ತನಕ ನಿಲಂಗಾ, ಉದಗೀರ ತಾಲೂಕು ಬೀದರ್ ಜಿಲ್ಲೆಯೊಳಗಿದ್ದವು. ನಿಜಾಮನ ಕಾಲಕ್ಕೆ ನಮ್ಮ ಅಜ್ಜ ಉರ್ದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ. ಅಪ್ಪ ಮರಾಠಿ ಕಾಗದಕ್ಕೆ ಒತ್ತಿದ. ಈಗ ಮೊಮ್ಮಗ ಇಂಗ್ಲಿಷ್ ತುಂಬಿದ ಇ-ಟೆಂಡರ್ ನೋಡಿ ಮೊಬೈಲ್ ಬಂದ್ ಮಾಡುತ್ತಾನೆ. ಮನ್ಯಾಗ ಕನ್ನಡ, ಸಾಲ್ಯಾಗ ಮರಾಠಿ ಇದ್ದ ನಮಗೆ ಮರಾಠಿ ವೈರಿ ಅಲ್ಲ. ಕಚೇರಿಯ ಮರಾಠಿ ಮರಾಠಿ ಮಂದಿಗೇ ತಿಳಿಯುವುದಿಲ್ಲ, ಅದು ಬೇರೆ ಮಾತು. ಕುಂದುಕೊರತೆಯ ಅರ್ಜಿಯನ್ನು ದೇಶದಾಗ ಅಥವಾ ರಾಜ್ಯದಾಗ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡಬಹುದು ಅಂತ ಸಂವಿಧಾನದ 350ನೇ ಕಲಮು ಹೇಳುತ್ತದೆ. ಕನ್ನಡದಾಗ ಬರೆದ ಅರ್ಜಿಯನ್ನು ಒಳಗೆ ತೊಗೊಳ್ಳೋದಿಲ್ಲ ಅಂದರೆ ಆ ಕಲಮು ತೋರಿಸ್ರಿ. ಕನ್ನಡ, ಉರ್ದು ಮಾತಾಡುವ ಓಣಿಗಳಲ್ಲಿ ಬೋರ್ಡಿನ ಮ್ಯಾಲ ಮರಾಠಿ ಕೆಳಗ ಆ ಭಾಷೆಯ ನಾಲ್ಕು ಸಾಲು ಬರೆದರೆ ಯಾರ ಗಂಟು ಹೋಗುತ್ತದೆ?

ನಮ್ಮ ಮಂದಿಗೆ ಲೆಕ್ಕ ತಿಳಿಯೂದಿಲ್ಲ ಅನ್ನುವವರಿಗೆ 1993 ನೆನಪಿಸುತ್ತೇನೆ. ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ, ಸಾಸ್ತೂರ ಮಣ್ಣಾದವು. ಆಮೇಲೆ ಮನೆಗಳ ದುರಸ್ತಿ ಮತ್ತು ಭದ್ರತೆಯ ಯೋಜನೆ ಬಂತು. ಲಾತೂರ, ಉಸ್ಮಾನಾಬಾದ್ ಜಿಲ್ಲೆಗಳ ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಹೆಣ್ಣುಮಕ್ಕಳನ್ನು 'ಸಂವಾದ ಸಹಾಯಕ'ರನ್ನಾಗಿ ಮಾಡಿದರು. ಯಾರಿಗೆ ಎಷ್ಟು ಹಣ ಬರಬೇಕು ಅಂತ ಮನೆಮನೆಗೆ ತಿಳಿಸಿದವರು ಅವರು. ಕೆಲಸ ಹೆಂಗ ನಡೆದದ ಅಂತ ನೋಡಿದವರು, ತಕರಾರನ್ನು ಅಧಿಕಾರಿಗಳಿಗೆ ಮುಟ್ಟಿಸಿದವರು ಅವರೇ. ಅವರಿಗೆ ತಿಳಿದ ಲೆಕ್ಕ ಪಟ್ಟಣದವರಿಗೆ ತಿಳಿಯುವುದಿಲ್ಲವೇ?

ಇನ್ನೊಂದು ಮಾತು. ಕಲ್ಯಾಣ ನಮಗೆ ದೂರಿಲ್ಲ. ಬಿಜ್ಜಳನ ಭಂಡಾರದ ಹಣ ಬಸವಣ್ಣ ಜಂಗಮರಿಗೆ ಹಂಚಿದ ಅಂತ ಚಾಡಿ ಹೇಳಿದರು, ಎಣಿಸಿದಾಗ ಲೆಕ್ಕ ಸರಿ ಬಂತು ಅಂತ ಪುರಾಣದಾಗ ಕೇಳೀವಿ. ಪುರಾಣ ಹೇಳುವವರು ಅದನ್ನು ಪವಾಡ ಮಾಡುತ್ತಾರೆ. ನಾನು ಕೇಳಿಸಿಕೊಳ್ಳೋದು ಬೇರೆ: ಭಂಡಾರಿ ಬಾಗಿಲು ತೆರೆದು ನಿಂತ, ಅರ್ಜಿ ಕೊಡು, ಮೂವತ್ತು ದಿನ ಬಿಟ್ಟು ಬಾ ಅನ್ನಲಿಲ್ಲ.

ಹಳ್ಳಿಯವರಾದ ನಮಗೆ ಗ್ರಾಮಸಭೆ ಅದ. ಕಾಯ್ದೆ ಪ್ರಕಾರ ವರ್ಷಕ್ಕ ನಾಲ್ಕು ಆಗಬೇಕು. ಎಷ್ಟೋ ಊರಾಗ ಮನೆಮನೆಗೆ ರಜಿಸ್ಟರ್ ತಿರುಗಿಸಿ ಸಹಿ ಹಾಕಿಸಿಕೊಂಡು ಸಭಾ ಮುಗಿಸುತ್ತಾರೆ, ನಮ್ಮೂರಾಗೂ ಆಗ್ಯಾದ. ಆದರೂ ಒಬ್ಬ ಎದ್ದು ನಿಂತು 'ಸರಪಂಚರೇ, ಬೋರ್‌ವೆಲ್ಲಿನ ಮೋಟರ್ ಎಲ್ಲಿ ಹೋಯ್ತು' ಅಂತ ಕೇಳಬಹುದು, ಕೇಳ್ಯಾರ. ಪಟ್ಟಣದಾಗ ಅಂಥ ಒಂದು ಜಾಗ ನಮಗ ಕಾಣೂದಿಲ್ಲ. ಸಂವಿಧಾನ ವಾರ್ಡ್ ಸಮಿತಿ ಕಡ್ಡಾಯ ಮಾಡಿದ್ದು ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರಿಗೆ. ನಿಲಂಗಾದಂಥ ಸಣ್ಣ ಊರು ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ.

ಹೊಸದಾಗಿ ಆರಿಸಿ ಬಂದ ನಗರಾಧ್ಯಕ್ಷರು, ನಗರಸೇವಕರು ಸತ್ಕಾರದ ಶಾಲು ಹೊದ್ದು ಮುಗಿಸಿದ್ದರೆ ಎರಡು ಕೆಲಸ ಮಾಡಲಿ. ವರ್ಷಕ್ಕ ನಾಲ್ಕು ಸಲ ವಾರ್ಡಿನ ಗುಡಿ ಕಟ್ಟೆ ಮ್ಯಾಲ ಕುಂತು ಆ ವಾರ್ಡಿನ ಖರ್ಚು ಓದಿ ಹೇಳಲಿ. ಪ್ರತಿ ಕೆಲಸದ ಜಾಗದಾಗ ಎಷ್ಟು ಉದ್ದ, ಎಷ್ಟು ರೊಕ್ಕ, ಗುತ್ತೇದಾರ ಯಾರು, ಕೆಟ್ಟರೆ ಎಷ್ಟು ದಿನದ ತನಕ ಅವನ ಜವಾಬ್ದಾರಿ, ಇಷ್ಟನ್ನು ಆಳೆತ್ತರದ ಅಕ್ಷರದಾಗ ಬರೆಸಲಿ. ಹೊಸ ಕಾಯ್ದೆ ಬೇಡ, ಒಂದು ಠರಾವು ಮತ್ತು ಒಂದು ಡಬ್ಬಿ ಬಣ್ಣ ಸಾಕು.

ಅವರು ಮಾಡುವ ತನಕ ನಾವು ಸುಮ್ಮನೆ ಕೂಡುವುದಿಲ್ಲ. ವಾಚನಾಲಯದ ಹೊರಗಿನ ಕರೀ ಹಲಗಿ ಖಾಲಿ ಇತ್ತು. ವಾರದ ಜಾಹೀರ್ ಸೂಚನಾಗಳನ್ನು ಇಬ್ಬರು ಗುರುಜಿಗಳು ಕನ್ನಡಕ್ಕ ಇಳಿಸಿ ಪ್ರತಿ ಶನಿವಾರ ಅದರ ಮ್ಯಾಲ ಬರೆಯಲಿಕ್ಕೆ ಒಪ್ಪಿದ್ದಾರೆ. ಮಾಹಿತಿ ಹಕ್ಕಿನ ಅರ್ಜಿ ಬರೆದುಕೊಡಲಿಕ್ಕೆ ಅದೇ ಸಂಜೆ ನಾನು ಇರುತ್ತೇನೆ. ಒಂದು ಅರ್ಜಿಗೆ ಒಂದೇ ವಿಷಯ, ನೂರೈವತ್ತು ಶಬ್ದದೊಳಗೆ, ಇದು ಮಹಾರಾಷ್ಟ್ರದ ನಿಯಮ. ಬರುವಾಗ ಹತ್ತು ರೂಪಾಯಿ ತರ್ರಿ. ದಾರಿದ್ರ್ಯ ರೇಷೆಯ ಕೆಳಗಿನ ಕಾರ್ಡ್ ಇದ್ದವರು ಅದರ ಝೆರಾಕ್ಸ್ ತರ್ರಿ, ಅವರಿಗೆ ಫೀ ಇಲ್ಲ.