ಲೋಕವನ್ನು ಮನೆಗೆ ಕರೆದವರು

ಚಿತ್ರಕಾರನಿಗೆ ಕೀರ್ತಿ ಬರಬೇಕಾದರೆ ಅವನು ಪ್ಯಾರಿಸ್ಸಿಗೋ ನ್ಯೂಯಾರ್ಕಿಗೋ ಹೋಗಿ ನೆಲಸಬೇಕೆಂಬ ಮಾತುಂಟು. ಕ್ಯೂಬಾದ ವಿಫ್ರೆಡೊ ಲಾಮ್ ಪ್ಯಾರಿಸ್ಸಿಗೆ ಹೋದದ್ದು ನಿಜ. ಆದರೆ ಅವರಿಗೆ ಹೆಸರು ತಂದ ‘ಕಾಡು’ ಎಂಬ ಚಿತ್ರ ಮುಗಿದದ್ದು ಯುದ್ಧದ ದೆಸೆಯಿಂದ ತಾಯ್ನಾಡಿಗೆ ಮರಳಿದ ಮೇಲೆ, 1943ರಲ್ಲಿ. ಮುಂದೆ 1984ರಲ್ಲಿ ಹವಾನಾ ನಗರ ತನ್ನದೇ ಕಲಾಮೇಳವನ್ನು ಹೂಡಿತು. ಎರಡನೆಯ ಮೇಳದಲ್ಲಿ ಏಷ್ಯಾ, ಆಫ್ರಿಕಾಗಳ ಕಲಾವಿದರಿಗೂ ಎಡೆ ದೊರೆಯಿತು. ಲೋಕದ ಬಾಗಿಲು ತಟ್ಟುವ ಬದಲು ಲೋಕವನ್ನೇ ಮನೆಗೆ ಕರೆದಂತಾಯಿತು.

ಕಾಕ್ಕನಾಡಿನ ನಮಗೆ ಹಿನ್ನೀರಿನಾಚೆಯ ಫೋರ್ಟ್ ಕೊಚ್ಚಿಯಲ್ಲೇ ಅಂಥ ಮೇಳ 2012ರಲ್ಲಿ ಮೊದಲಾಯಿತು: ಕೊಚ್ಚಿ-ಮುಜಿರಿಸ್ ಬಿನಾಲೆ. 2014ರಲ್ಲಿ ಮೈಸೂರಿನ ಎನ್. ಎಸ್. ಹರ್ಷರ ಬಲು ಉದ್ದನೆಯ ಚಿತ್ರವೊಂದು ಅಲ್ಲಿತ್ತು. ಆದಿ ಅಂತ್ಯವಿಲ್ಲದ ಗ್ರಹತಾರೆಗಳ ಸುರುಳಿ. ಅದರ ಹೆಸರು ಭಜಗೋವಿಂದ ಸ್ತೋತ್ರದಿಂದ ಬಂದದ್ದು. ಶಂಕರರ ಕಾಲಡಿ ನಮ್ಮ ಎರ್ನಾಕುಲಂ ಜಿಲ್ಲೆಯಲ್ಲೇ ಇದೆಯಲ್ಲವೇ! 2016ರ ಮೇಳದ ಹೊಣೆ ಹೊತ್ತವರು ಮಂಗಳೂರಿನಲ್ಲಿ ಹುಟ್ಟಿದ ಸುದರ್ಶನ್ ಶೆಟ್ಟಿ.

ಹರ್ಷರು ಬರೋಡದಲ್ಲಿ ಓದಿ ಮೈಸೂರಿಗೇ ಮರಳಿದವರು. ಅಲ್ಲಿದ್ದುಕೊಂಡೇ 2008ರಲ್ಲಿ ವೇಲ್ಸಿನ ಆರ್ಟೆಸ್ ಮುಂಡಿ ಬಹುಮಾನ ಪಡೆದರು. 2017ರಲ್ಲಿ ಟೋಕಿಯೊದ ಮೋರಿ ಮ್ಯೂಸಿಯಂ ಅವರ ಚಿತ್ರಗಳ ದೊಡ್ಡ ಪ್ರದರ್ಶನ ನಡೆಸಿತು.

ನಮ್ಮ ಮನೆಗಳಲ್ಲಿ ಮಗು ಚಿತ್ರ ಬರೆಯುತ್ತ ಕುಳಿತರೆ, ‘ಇದರಿಂದ ಹೊಟ್ಟೆ ತುಂಬೀತೇ?’ ಎನ್ನುತ್ತೇವೆ. ತುಂಬೀತೆಂದು ನಾನೂ ಭರವಸೆ ಕೊಡಲಾರೆ. ಆದರೂ ಮುಂದಿನ ಮೇಳಕ್ಕೆ ಆ ಮಗುವನ್ನು ಕರೆದುಕೊಂಡು ಹೋಗಿ. ಊರಿನ ಅಜ್ಜಿಮನೆಯ ಅಂಗಳವೂ ಲೋಕ ನೋಡತಕ್ಕ ಚಿತ್ರವಾದೀತೆಂಬುದನ್ನು ಅದು ತಾನೇ ಕಂಡುಕೊಳ್ಳಲಿ.